ಟೇಬಲ್ ಸಾ ಬೇಕೆಂದು ಹೊರಟು ಬ್ಯಾಂಡ್‌ಸಾ ತಂದ ಕಥೆ

ಕಳೆದ ಭಾನುವಾರ ನನ್ನ ಬ್ಯಾಂಡ್‌ಸಾ ಕೊನೆಗೂ ನೆಟ್ಟಗೆ ಕೊಯ್ಯಿತು. ಎರಡು ಚಕ್ರಗಳ ಮೇಲೆ ಬೆಲ್ಟಿನ ಹಾಗೆ ಸುತ್ತುವ ಉದ್ದನೆ ಬ್ಲೇಡಿನ ಗರಗಸ ಅದು. ಯಂತ್ರ ಬೇಕು ಅಂತ ಹುಡುಕಾಟ ಶುರುಮಾಡಿ ಏಳು ತಿಂಗಳಾಗಿತ್ತು. ಈ ನಡುವೆ ನನ್ನ ಮನಸ್ಸು ಮೂರು ಸಲ ಬದಲಾಯಿತು, ಎಂಸಿಬಿ ಲೆಕ್ಕವಿಲ್ಲದಷ್ಟು ಸಲ ಬಿತ್ತು, ತಮ್ಮನ ಸೊಂಟ ಹಿಡಿದುಕೊಂಡಿತು. ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಇದೇ ಗೊಂದಲದಲ್ಲಿ ಇರುವವರಿಗೆ ಒಂದೆರಡು ತಿಂಗಳಾದರೂ ಉಳಿಯಲಿ.

ನಾನು ಕಸುಬಿನ ಬಡಗಿ ಅಲ್ಲ. ರಜೆಯ ದಿನ ಪೆಟ್ಟಿಗೆ, ಸ್ಟೂಲು, ಸಣ್ಣ ಕಪಾಟು ಮಾಡಿಕೊಳ್ಳುತ್ತೇನೆ, ಅಷ್ಟೇ. ಇರುವ ಜಾಗ 10 ಅಡಿಗೆ 12 ಅಡಿಯ ಒಂದು ಕೋಣೆ. ಇಷ್ಟು ದಿನ ಕೈಗರಗಸ ಮತ್ತು ಕೈಯಲ್ಲಿ ಹಿಡಿದು ಓಡಿಸುವ, ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುವ ಒಂದು ಜಿಗ್‌ಸಾದಲ್ಲೇ ಸಾಗಿತ್ತು. ಎರಡಿಂಚು ದಪ್ಪದ ಹಲಗೆಯನ್ನು ಉದ್ದಕ್ಕೆ ಸೀಳುವಷ್ಟರಲ್ಲಿ ಭುಜ ಬಿದ್ದುಹೋಗುತ್ತಿತ್ತು. ಜಿಗ್‌ಸಾದಲ್ಲಿ ಸೀಳಿದರೆ ಮೇಲುಗಡೆ ಬ್ಲೇಡು ಗೆರೆ ಬಿಡುತ್ತಿರಲಿಲ್ಲ, ಹಲಗೆ ತಿರುಗಿಸಿ ನೋಡಿದರೆ ಕೆಳಗಡೆ ಎಲ್ಲೋ ಓಡಿಹೋಗಿರುತ್ತಿತ್ತು.

ಯಾರನ್ನು ಕೇಳಿದರೂ ಒಂದೇ ಉತ್ತರ: ಮೊದಲು ಟೇಬಲ್ ಸಾ ತಗೊಳ್ಳಿ, ಉಳಿದದ್ದೆಲ್ಲ ಆಮೇಲೆ. ಮೇಜಿನ ನಡುವಿನಿಂದ ದುಂಡನೆ ಬ್ಲೇಡು ಮೇಲೆದ್ದಿರುವ ಗರಗಸ ಅದು. ಮಾತೇನೂ ಸುಳ್ಳಲ್ಲ. ಹಲಗೆ ಒರಗಿಸಿ ತಳ್ಳುವ ಪಟ್ಟಿಯನ್ನು, ಅಂದರೆ ಫೆನ್ಸನ್ನು, ಒಂದು ಅಳತೆಗೆ ಕಟ್ಟಿದರೆ ಹತ್ತು ರೀಪು ಕೊಯ್ದರೂ ಹತ್ತೂ ಒಂದೇ ಅಗಲ. ಕೊಯ್ದ ಮೈಯೂ ನುಣುಪಾಗಿರುತ್ತದೆ. ನಾನೂ 10 ಇಂಚು ಬ್ಲೇಡಿನ, ಹೊತ್ತು ಓಡಾಡಬಹುದಾದ ಒಂದು ಸಣ್ಣ ಮಾದರಿಯನ್ನು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡೆ.

ಆರ್ಡರ್ ಮಾಡುವ ಹಿಂದಿನ ದಿನ ಸುಮ್ನೆ ನೋಡೋಣ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಯಂತ್ರದ ಅಳತೆ ಬರೆದೆ. ಯಂತ್ರವೇನೋ ಚಿಕ್ಕದೇ. ಆದರೆ 8 ಅಡಿ ಹಲಗೆಯನ್ನು ಅದರಲ್ಲಿ ಉದ್ದಕ್ಕೆ ಸೀಳಬೇಕಾದರೆ ಬ್ಲೇಡಿನ ಮುಂದೆ 8 ಅಡಿ ಬೇಕು, ಹಿಂದೆಯೂ 8 ಅಡಿ ಬೇಕು. ನನ್ನ ಕೋಣೆ ಒಟ್ಟು 12 ಅಡಿ. ಬಾಗಿಲ ನೇರಕ್ಕೆ ಇಟ್ಟು, ಹಲಗೆಯ ತುದಿ ಪಡಸಾಲೆಗೆ ಹೋಗುವ ಹಾಗೆ ಮಾಡಿದರೆ ಹೇಗೋ ಆಗುತ್ತಿತ್ತು. ನೀವು ಯಾವ ಯಂತ್ರವನ್ನೇ ತಗೊಳ್ಳಿ, ಈ ಸೀಮೆಸುಣ್ಣದ ಕೆಲಸ ಮಾತ್ರ ಮೊದಲು ಮಾಡಿ. ಗೆರೆ ಎಳೆದರೆ ಸಾಲದು, ನಿಮ್ಮಲ್ಲಿರುವ ಅತಿ ಉದ್ದದ ಹಲಗೆಯನ್ನು ಕೈಯಲ್ಲಿ ಹಿಡಿದು ನಡೆದು ನೋಡಿ.

ಆರ್ಡರ್ ಎರಡು ದಿನ ಮುಂದೆ ಹೋಯಿತು. ಅದೇ ಒಳ್ಳೆಯದಾಯಿತು. ಆ ಶನಿವಾರ ಗೆಳೆಯರೊಬ್ಬರ ಷೆಡ್ಡಿಗೆ ಹೋಗಿದ್ದೆ. ಅವರದು ಟೇಬಲ್ ಸಾ, ಬಳಸಿ ವರ್ಷಗಳ ಅನುಭವ ಬೇರೆ. ಬ್ಲೇಡಿನ ಬೆನ್ನಿಗೆ ರೈವಿಂಗ್ ನೈಫ್ ಅಂತ ಒಂದು ತೆಳ್ಳನೆ ಉಕ್ಕಿನ ರೆಕ್ಕೆ ಇರುತ್ತದೆ. ಬ್ಲೇಡು ಮೇಲೆ ಕೆಳಗೆ ಆದಂತೆ ಅದೂ ಜೊತೆಗೇ ಆಗುತ್ತದೆ. ಕೊಯ್ದ ಸೀಳು ಮತ್ತೆ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯದ ಹಾಗೆ ತಡೆಯುವುದೇ ಅದರ ಕೆಲಸ. ಯಾವಾಗಲೋ ಅಗಲ ಗ್ರೂವ್ (ಹಲಗೆಯ ಮೈಯಲ್ಲಿ ಉದ್ದನೆಯ ತೋಡು) ಕೊಯ್ಯಲು ಡೇಡೋ ಬ್ಲೇಡು ಹಾಕುವಾಗ ಅದನ್ನು ಬಿಚ್ಚಿದವರು ಮತ್ತೆ ಹಾಕಿರಲಿಲ್ಲ.

"ಈ ಕಡೆ ಬನ್ನಿ, ಬ್ಲೇಡಿನ ನೇರಕ್ಕೆ ನಿಲ್ಲಬೇಡಿ" ಅಂದರು. ನಾನು ಪಕ್ಕಕ್ಕೆ ಸರಿದೆ. ಹಲಗೆ ಅರ್ಧ ದಾಟಿತ್ತು. ಸದ್ದು ಬದಲಾಯಿತು, ಹಾಡುತ್ತಿದ್ದ ಮೋಟರು ಮುಲುಗಿತು. ಹಲಗೆಯ ಹಿಂಭಾಗ ಒಂದು ಕೂದಲೆಳೆಯಷ್ಟು ಮೇಲೆದ್ದದ್ದು ಕಣ್ಣಿಗೆ ಬಿತ್ತು. ಆಮೇಲೆ ಕಂಡಿದ್ದು ಹಿಂದಿನ ಗೋಡೆಯಲ್ಲಿ ಬಿದ್ದ ಗುಳಿ ಮಾತ್ರ. ಗೆಳೆಯರ ಹೆಬ್ಬೆರಳಿನ ಬುಡ ಕೆಂಪಾಗಿ ಊದಿಕೊಂಡಿತ್ತು. ಬೆರಳುಗಳೆಲ್ಲ ಇದ್ದವು, ಪುಣ್ಯ.

ಇದಕ್ಕೇ ಕಿಕ್‌ಬ್ಯಾಕ್ ಅನ್ನುವುದು. ಸರಿಯಾಗಿ ಒಣಗದ ಮರದೊಳಗೆ ಬಿಗಿತ ಉಳಿದಿರುತ್ತದೆ. ಸೀಳುತ್ತಿದ್ದಂತೆ ಆ ಬಿಗಿತ ಬಿಟ್ಟುಕೊಂಡು ಸೀಳಿನ ಬಾಯಿ ಮುಚ್ಚುತ್ತದೆ, ಬ್ಲೇಡಿನ ಹಿಂಭಾಗದಲ್ಲಿ ಮೇಲೇಳುತ್ತಿರುವ ಹಲ್ಲುಗಳು ಹಲಗೆಯನ್ನು ಕಚ್ಚಿ ನಿಮ್ಮ ಕಡೆಗೆ ಎಸೆಯುತ್ತವೆ. 10 ಇಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಮನೆಗೆ ಬಂದು ಕಾಗದದ ಮೇಲೆ ಈ ಲೆಕ್ಕ ಹಾಕಿದ ಮೇಲೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಹಾಗಂತ ಟೇಬಲ್ ಸಾ ರಾಕ್ಷಸ ಅಂತ ನಾನು ಹೇಳುತ್ತಿಲ್ಲ. ರೈವಿಂಗ್ ನೈಫ್ ಜಾಗದಲ್ಲಿದ್ದು, ಫೆನ್ಸ್ ಬ್ಲೇಡಿಗೆ ಸಮಾನಾಂತರವಾಗಿದ್ದು, ಕೈ ಬದಲು ತಳ್ಳುಕೋಲು ಬಳಸಿದರೆ ಎಷ್ಟೋ ಜನ ಜೀವಮಾನವಿಡೀ ಏನೂ ಆಗದೆ ಕೆಲಸ ಮಾಡುತ್ತಾರೆ. ಚರ್ಮ ತಾಗಿದ ಕೂಡಲೇ ಬ್ಲೇಡು ನಿಲ್ಲುವ ಯಂತ್ರಗಳೂ ಇವೆ. ಅಮೆರಿಕದ ಸ್ಟೀವ್ ಗ್ಯಾಸ್ 1999ರಲ್ಲಿ ರೂಪಿಸಿದ ಸಾಸ್ಟಾಪ್ ವಿಧಾನ ಅದು. ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡು ನಿಂತುಬಿಡುತ್ತದೆ. ಒಮ್ಮೆ ಹಾಗೆ ನಿಂತರೆ ಬ್ರೇಕಿನ ಕಾರ್ಟ್ರಿಜ್ಜನ್ನೂ ಬ್ಲೇಡನ್ನೂ ಹೊಸದಾಗಿ ಹಾಕಬೇಕು. ತೀರಾ ಹಸಿ ಮರ ಕೊಯ್ದರೂ ಅದು ಎಡವಟ್ಟಾಗಿ ನಿಲ್ಲುವುದುಂಟು. ಬೆರಳು ಉಳಿಸುತ್ತದೆ ನಿಜ, ಆದರೆ ಹಲಗೆ ಹಾರುವುದನ್ನು ಅದು ತಡೆಯುವುದಿಲ್ಲ. ನನ್ನ ಕೈಗೆ ಅದರ ಬೆಲೆ ಎಟುಕಲಿಲ್ಲ, ಆ ಮಾತು ಅಲ್ಲಿಗೇ ಬಿಟ್ಟೆ.

ನನ್ನ ತಲೆ ಸರಿಮಾಡಿದ್ದು ಪರಿಚಯದ ಹಿರಿಯ ಬಡಗಿಯೊಬ್ಬರು. "ಅಣ್ಣ, ಯಾವುದು ತಗೊಳ್ಳಲಿ?" ಅಂತ ಕೇಳಿದರೆ ಅವರು ಉತ್ತರವನ್ನೇ ಕೊಡಲಿಲ್ಲ. "ನೋಡಮ್ಮ, ಯಂತ್ರದ ಮಾತು ಆಮೇಲೆ. ನೀನು ಏನೇನು ಕೊಯ್ತೀಯ ಅನ್ನೋದನ್ನ ಒಂದು ತಿಂಗಳು ಬರೆದಿಟ್ಟು ತಗೊಂಡು ಬಾ" ಅಂದರು. ಮೊದಲು ಸಿಟ್ಟು ಬಂತು. ಆದರೂ ಬರೆದೆ. ಒಂದು ಹಳೆ ನೋಟ್‌ಬುಕ್ಕು, ದಾರದಲ್ಲಿ ಕಟ್ಟಿದ ಪೆನ್ಸಿಲ್ಲು, ಪ್ರತಿ ಕೊಯ್ತಕ್ಕೂ ಒಂದು ಸಾಲು.

ತಿಂಗಳ ಕೊನೆಗೆ 61 ಸಾಲು ಆಗಿದ್ದವು. ಉದ್ದಕ್ಕೆ ಸೀಳಿದ್ದು 23, ಅದರಲ್ಲಿ 19 ನಾಲ್ಕು ಅಡಿಗಿಂತ ಚಿಕ್ಕ ತುಂಡುಗಳು. ಅಡ್ಡ ಕೊಯ್ದದ್ದು 17, ಕೈಗರಗಸದಲ್ಲಿ ಒಂದೊಂದಕ್ಕೆ ಎರಡು ನಿಮಿಷವೂ ಹಿಡಿದಿರಲಿಲ್ಲ. ಬಾಗಿದ ಗೆರೆಗಳು 11. ಪ್ಲೈವುಡ್ ಶೀಟು ಕೊಯ್ದದ್ದು ಬರೀ 4. ಉಳಿದ 6 ದಪ್ಪ ಹಲಗೆಯನ್ನು ತೆಳ್ಳಗೆ ಎರಡಾಗಿ ಬಿಡಿಸುವ ಪ್ರಯತ್ನಗಳು, ಅಂದರೆ ರೀಸಾ. ಆರರಲ್ಲಿ ನಾಲ್ಕರ ಪಕ್ಕ "ಆಗಲಿಲ್ಲ" ಅಂತ ಬರೆದಿದ್ದೆ.

ಪುಸ್ತಕ ನೋಡಿ ಅವರು ಆ ನಾಲ್ಕು ಸಾಲಿನ ಮೇಲೆ ಬೆರಳಿಟ್ಟರು. 10 ಇಂಚಿನ ಟೇಬಲ್ ಸಾ ಬ್ಲೇಡು ಮೇಜಿನ ಮೇಲೆ ಏಳುವುದು ಮೂರು ಇಂಚಿಗೆ ಒಂಚೂರು ಜಾಸ್ತಿ, ಸುಮಾರು 79 ಮಿಲಿಮೀಟರ್. ಹಲಗೆಯನ್ನು ನಿಲ್ಲಿಸಿ ಎರಡೂ ಅಂಚಿನಿಂದ ಕೊಯ್ದರೂ ಆರು ಇಂಚು ದಾಟುತ್ತಿದ್ದಂತೆ ಮುಗಿಯಿತು. ನನಗೆ ಬಿಡಿಸಬೇಕಿದ್ದದ್ದು ಎಂಟಿಂಚು ಅಗಲದ ಹಲಗೆ. ಬಾಗಿದ ಗೆರೆಯಂತೂ ಅದರಲ್ಲಿ ಕೇಳಲೇಬೇಡಿ. "ನಿನಗೆ ಬೇಕಾಗಿರೋದು ಬ್ಯಾಂಡ್‌ಸಾ ಕಣಮ್ಮ" ಅಂದರು.

ಮನಸ್ಸು ಬದಲಾದ ಮೇಲೆ ನಾನು ಇನ್ನೊಂದು ತಪ್ಪಿನ ಅಂಚಿಗೆ ಹೋಗಿ ಬಂದೆ. ಚಿಕ್ಕ ಕೋಣೆಗೆ ಚಿಕ್ಕ ಯಂತ್ರ ಸಾಕಲ್ವಾ ಅಂತ 9 ಇಂಚಿನದು ನೋಡಿದೆ. ಬ್ಯಾಂಡ್‌ಸಾದಲ್ಲಿ ಈ ಇಂಚು ಅಂದರೆ ಚಕ್ರದ ವ್ಯಾಸ. ಬ್ಲೇಡಿನಿಂದ ಯಂತ್ರದ ಕಂಬದವರೆಗಿನ ಜಾಗ ಅದಕ್ಕಿಂತ ಒಂಚೂರು ಕಡಿಮೆಯೇ ಇರುತ್ತದೆ. ಎಷ್ಟು ದಪ್ಪದ ಮರ ಒಳಗೆ ಹೋಗುತ್ತದೆ ಅನ್ನುವುದು ಬೇರೆ ಅಳತೆ, ಅದನ್ನು ಪ್ರತ್ಯೇಕ ನೋಡಿಕೊಳ್ಳಬೇಕು. ಪರಿಚಯದವರೊಬ್ಬರ ಸಣ್ಣ ಯಂತ್ರದಲ್ಲಿ ಒಂದು ಸಂಜೆ ಕೆಲಸ ಮಾಡಿದೆ. ತೆಳು ಹಲಗೆಯಲ್ಲಿ ಬಾಗು ಕೊಯ್ಯಲು ಬೆಣ್ಣೆ. ಮೂರಿಂಚಿನ ಗಟ್ಟಿ ಮರ ಕೊಟ್ಟ ತಕ್ಷಣ ಮೋಟರು ನಿಂತೇ ಹೋಯಿತು, ಸುಟ್ಟ ವಾಸನೆ ಬೇರೆ. ಚಕ್ರ ಚಿಕ್ಕದಾದಷ್ಟೂ ಬ್ಲೇಡು ಜಾಸ್ತಿ ಬಾಗಬೇಕು. ಹಾಗಾಗಿ ತೆಳ್ಳನೆ ಬ್ಲೇಡೇ ಹಾಕಬೇಕು, ದಪ್ಪದ್ದು ಹಾಕಿದರೆ ಬಾಗಿ ಬಾಗಿ ಬಿರುಕು ಬಿಡುತ್ತದೆ. ರೀಸಾ ಮಾಡುವ ಆಸೆ ಇರುವವರು 14 ಇಂಚಿಗಿಂತ ಕೆಳಗೆ ಇಳಿಯಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಹೊಸ 14 ಇಂಚಿನ ಬೆಲೆ ನೋಡಿ ಎದೆ ಧಸಕ್ಕೆಂದಿತು. ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕಾಟ. ಎರಡು ತಿಂಗಳಲ್ಲಿ ನೋಡಿದ್ದು ಐದು ಯಂತ್ರ. ಒಂದು ಹಳೆಯ ಎರಕದ ಕಬ್ಬಿಣದ್ದು ತುಂಬಾ ಇಷ್ಟವಾಗಿ ಮುಂಗಡ ಕೊಡುವ ತನಕ ಹೋಗಿದ್ದೆ. ಚಕ್ರದ ರಬ್ಬರ್ ಟೈರು ಬಿರಿದಿತ್ತು, ಅದು ದೊಡ್ಡ ವಿಷಯವಲ್ಲ, ಬದಲಾಯಿಸಬಹುದು. ಚಕ್ರ ಹಿಡಿದು ಅಲ್ಲಾಡಿಸಿದೆ, ಬೇರಿಂಗ್ ಬಿಗಿಯಾಗಿತ್ತು. ಕೊನೆಗೆ ಮೇಜಿನ ಕೆಳಗೆ ಟಾರ್ಚು ಬಿಟ್ಟಾಗ ಮೇಜನ್ನು ಓರೆ ಮಾಡುವ ಟ್ರನ್ನಿಯನ್ನಿನಲ್ಲಿ ಒಂದು ಕಪ್ಪು ಗೆರೆ. ಉಗುರು ಎಳೆದರೆ ಸಿಕ್ಕಿಕೊಂಡಿತು, ಬಿರುಕು. ಜೊತೆಗೆ ಮೋಟರು ಮೂರು ಫೇಸಿನದು, ನನ್ನ ಮನೆಯಲ್ಲಿರುವುದು ಸಿಂಗಲ್ ಫೇಸು. ಮೋಟರಿನ ಮೇಲಿನ ಪ್ಲೇಟನ್ನು ಮೊದಲೇ ಓದಿದ್ದರೆ ಅಷ್ಟು ದೂರ ಹೋಗಿಬರುವುದೇ ಬೇಕಿರಲಿಲ್ಲ. ಹಳೆಯದು ನೋಡಲು ಹೋಗುವವರು ಫೋನಿನಲ್ಲೇ ಆ ಪ್ಲೇಟಿನ ಫೋಟೋ ಕೇಳಿ. ಬ್ಲೇಡಿನ ಉದ್ದವನ್ನೂ ಕೇಳಿ. ಆ ಉದ್ದದ ಬ್ಲೇಡು ಈಗಲೂ ಸಿಗುತ್ತದಾ ನೋಡಿಕೊಂಡು ಆಮೇಲೆ ಹೊರಡಿ.

ಕೊನೆಗೆ ಹೊಸದನ್ನೇ ಆರ್ಡರ್ ಮಾಡಿದೆ. ಒಂದೂವರೆ ಅಶ್ವಶಕ್ತಿಯ ಇಂಡಕ್ಷನ್ ಮೋಟರು, ಹತ್ತಿಂಚು ದಪ್ಪದವರೆಗೆ ಮರ ಹೋಗುವಂಥದ್ದು. ಎರಡು ವಾರದಲ್ಲಿ ಬರುತ್ತದೆ ಅಂದಿದ್ದರು, ಬಂದದ್ದು ಏಳನೇ ವಾರಕ್ಕೆ. ಮೊದಲ ಮೂರು ವಾರ ದಿನಾ ಫೋನು ಮಾಡುತ್ತಿದ್ದೆ, ಆಮೇಲೆ ನನಗೇ ನಾಚಿಕೆಯಾಗಿ ಬಿಟ್ಟೆ.

ಪೆಟ್ಟಿಗೆ ಇಳಿಸಿದವರು ಸಹಿ ಮಾಡಿ ಅಂತ ಒಂದು ಕಾಗದ ಮುಂದಿಟ್ಟರು. "ಸರಕು ಸುಸ್ಥಿತಿಯಲ್ಲಿ ತಲುಪಿದೆ" ಅಂತ ಅದರಲ್ಲಿ ಮೊದಲೇ ಅಚ್ಚಾಗಿತ್ತು. ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತು. ನಾನು ಸಹಿಯ ಮೇಲೆ "ಒಂದು ಮೂಲೆ ಜಜ್ಜಿದೆ, ತೆರೆದು ನೋಡಿಲ್ಲ" ಅಂತ ಬರೆದು, ಅದೇ ಕಾಗದದ ಜೊತೆ ಪೆಟ್ಟಿಗೆಯ ಫೋಟೋ ತೆಗೆದೆ. ಅವರ ಮುಖ ಸಣ್ಣಗಾಯಿತು, ಆಗಲಿ. ಒಳಗೆ ಮೇಲಿನ ಚಕ್ರದ ಬಾಗಿಲು ಸೊಟ್ಟಗಾಗಿತ್ತು. ಆ ಒಂದು ಸಾಲು ಬರೆದಿದ್ದಕ್ಕೆ ಹೊಸ ಬಾಗಿಲು ಪುಕ್ಕಟೆ ಬಂತು. ಬ್ಲೇಡು ಅತ್ತಿತ್ತ ಓಲಾಡದಂತೆ ಹಿಡಿಯುವ ಗೈಡುಗಳಲ್ಲಿ ಕೆಳಗಿನದರ ಬೋಲ್ಟುಗಳ ಚೀಲವೂ ಇರಲಿಲ್ಲ. ಕೈಪಿಡಿಯ ಕೊನೆಯಲ್ಲಿ ಎಲ್ಲ ಬಿಡಿಭಾಗಗಳಿಗೂ ನಂಬರು ಇರುತ್ತದೆ. ಆ ನಂಬರು, ಯಂತ್ರದ ಸೀರಿಯಲ್ ನಂಬರು ಮತ್ತು ಬಿಲ್ಲು, ಮೂರನ್ನೂ ಒಟ್ಟಿಗೆ ಕಳಿಸಿದರೆ ಮಾತು ಬೇಗ ಮುಗಿಯುತ್ತದೆ. ನಾನು ಒಂದೊಂದಾಗಿ ಕಳಿಸಿ ಮೂರು ವಾರ ಕಳೆದೆ.

ಯಂತ್ರದ ತೂಕ ನೂರು ಕಿಲೋ ಹತ್ತಿರ, ಅದರಲ್ಲೂ ಭಾರವೆಲ್ಲ ಮೇಲ್ಗಡೆ. "ಅಕ್ಕ, ನೀನು ಸುಮ್ನಿರು, ನಾನು ಎತ್ತುತ್ತೀನಿ" ಅಂತ ತಮ್ಮ ಮೇಜಿಗೇ ಕೈ ಹಾಕಿದ. ಮೇಜು ಹಿಡಿದು ಎತ್ತಿದರೆ ಅದೇ ಟ್ರನ್ನಿಯನ್ ಬಿರಿಯುತ್ತದೆ ಅಂತ ನಾನು ಕೂಗಿದೆ, ಅವನು ಗಾಬರಿಯಲ್ಲಿ ಅರ್ಧದಲ್ಲೇ ತಿರುಗಿದ, ಸೊಂಟ ಹಿಡಿಯಿತು. ಮೇಜನ್ನು ಮೊದಲೇ ಬಿಚ್ಚಿಟ್ಟು, ಮೂರು ಜನ ಸೇರಿ ಎತ್ತಿದರೆ ಇದ್ಯಾವುದೂ ಆಗುವುದಿಲ್ಲ.

ಸ್ವಿಚ್ ಒತ್ತಿದೆ. ಒಂದು ಕ್ಷಣ ಗುಂಯ್ ಅಂದು ಇಡೀ ಮನೆಯೇ ಕತ್ತಲಾಯಿತು. ಇಂಡಕ್ಷನ್ ಮೋಟರು ಶುರುವಾಗುವಾಗ ಆ ಒಂದು ಗಳಿಗೆ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ನಮ್ಮಲ್ಲಿದ್ದದ್ದು ಬಿ ಮಾದರಿಯ ಎಂಸಿಬಿ, ಮೂರರಿಂದ ಐದು ಪಟ್ಟಿಗೇ ಬೀಳುವಂಥದ್ದು. ಎಲೆಕ್ಟ್ರಿಷಿಯನ್ ಬಂದು ಯಂತ್ರಕ್ಕೆಂದೇ ಬೇರೆ ಲೈನು ಎಳೆದು, ಐದರಿಂದ ಹತ್ತು ಪಟ್ಟು ತಡೆಯುವ ಸಿ ಮಾದರಿಯದನ್ನು ಹಾಕಿದರು. ಇದನ್ನು ನೀವೇ ಮಾಡಲು ಹೋಗಬೇಡಿ. ಮತ್ತೆ ಉದ್ದನೆಯ ತೆಳು ಎಕ್ಸ್‌ಟೆನ್ಷನ್ ವೈರಿನಲ್ಲಂತೂ ಓಡಿಸಲೇಬೇಡಿ.

ಇನ್ನು ಬ್ಲೇಡಿನ ಕಥೆ. ಹೊಸ ಬ್ಲೇಡು ಮೂರು ಸುತ್ತಾಗಿ ಮಡಚಿ, ತಂತಿ ಕಟ್ಟಿ ಬರುತ್ತದೆ. ಅದರೊಳಗೆ ಎಷ್ಟು ಸಿಟ್ಟು ಇದೆ ಅಂತ ನನಗೆ ಗೊತ್ತಿರಲಿಲ್ಲ. ಮೇಜಿನ ಮೇಲಿಟ್ಟು ತಂತಿ ಕತ್ತರಿಸಿದೆ. ಹಾವು ಹೆಡೆ ಎತ್ತಿದ ಹಾಗೆ ಪಟ್ಟೆಂದು ಬಿಚ್ಚಿಕೊಂಡು ನನ್ನ ಮುಂಗೈ ಗೀರಿ, ದೀಪದ ಶೇಡು ಬೀಳಿಸಿ, ನೆಲದ ಮೇಲೆ ನಡುಗುತ್ತಾ ನಿಂತಿತು. ಕೈಗವಸು, ಕನ್ನಡಕ ಎರಡೂ ಹಾಕಿ, ತೋಳು ಚಾಚಿ ಹಿಡಿದು, ಮುಖ ಆ ಕಡೆ ತಿರುಗಿಸಿಯೇ ಬಿಚ್ಚಿ. ಯಂತ್ರ ಓಡುವಾಗ ಮಾತ್ರ ಕೈಗವಸು ತೆಗೆದುಬಿಡಿ.

ಗಾಯಕ್ಕೆ ಪಟ್ಟಿ ಸುತ್ತಿಕೊಂಡು ಬ್ಲೇಡು ಏರಿಸಿದೆ. ಒಂದು ತುಂಡು ಕೊಟ್ಟೆ. ಕೊಯ್ಯಲೇ ಇಲ್ಲ, ಬರೀ ಉಜ್ಜಿ ಹೊಗೆ ಬರಿಸಿತು. ಹದಿನೈದು ನಿಮಿಷ ಫೆನ್ಸು, ಬೆಲ್ಟು, ಮೋಟರು ಎಲ್ಲ ಬೈದಾದ ಮೇಲೆ ಹತ್ತಿರ ಹೋಗಿ ನೋಡಿದರೆ ಹಲ್ಲುಗಳೆಲ್ಲ ಆಕಾಶ ನೋಡುತ್ತಿವೆ! ಬಿಚ್ಚಿಕೊಂಡಾಗ ಬ್ಲೇಡು ಒಳಮೈ ಹೊರಗಾಗಿ ತಿರುಗಿತ್ತು. ಹಲ್ಲು ಮೇಜಿನ ಕಡೆಗೆ, ಕೆಳಗೆ ಮುಖ ಮಾಡಿರಬೇಕು. ಅಂಗಿಯ ತೋಳು ಮಗುಚಿದಂತೆ ಎರಡೂ ಕೈಯಲ್ಲಿ ತಿರುಚಿ ಮಗುಚಿದರೆ ಸರಿಹೋಗುತ್ತದೆ.

ಆಮೇಲೆ ಒಂದು ಟಕ್ ಟಕ್ ಸದ್ದು, ಪ್ರತಿ ಸುತ್ತಿಗೂ ಒಮ್ಮೆ. ಬ್ಲೇಡಿನ ಎರಡು ತುದಿ ಬೆಸೆದ ಜಾಗದಲ್ಲಿ ಒಂದು ಸಣ್ಣ ಉಬ್ಬು ಉಳಿದಿತ್ತು, ಗೈಡಿಗೆ ಬಡಿಯುತ್ತಿತ್ತು. ಈ ಬೆಸುಗೆಯೇ ಬ್ಯಾಂಡ್‌ಸಾದ ಹಳೆಯ ತಲೆನೋವಂತೆ. 1809ರಲ್ಲೇ ವಿಲಿಯಂ ನ್ಯೂಬೆರಿ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದಿದ್ದರೂ, ಬಾಗುತ್ತಾ ಓಡುವ ಬ್ಲೇಡಿಗೆ ತಡೆಯುವ ಬೆಸುಗೆ ಇಲ್ಲದೆ ಯಂತ್ರ ಮೂಲೆಗೆ ಬಿದ್ದಿತ್ತು. ಆನ್ ಪೋಲಿನ್ ಕ್ರೆಪಿನ್ ಎಂಬ ಫ್ರೆಂಚ್ ಮಹಿಳೆ ಅದಕ್ಕೊಂದು ದಾರಿ ಕಂಡುಹಿಡಿದು 1846ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ನಾನು ಅರದಿಂದ ಆ ಉಬ್ಬನ್ನು ಮೆಲ್ಲಗೆ ಉಜ್ಜಿದೆ, ಸದ್ದು ನಿಂತಿತು.

ಕೊಯ್ತ ಮಾತ್ರ ಸೊಟ್ಟಗೇ ಬರುತ್ತಿತ್ತು. ಎಂಟಿಂಚಿನ ಹಲಗೆ ಬಿಡಿಸಿದರೆ ಒಂದು ಮೈ ಪೀಪಾಯಿಯಂತೆ ಉಬ್ಬಿ, ಇನ್ನೊಂದು ಮೈ ತಟ್ಟೆಯಂತೆ ತಗ್ಗಿರುತ್ತಿತ್ತು. ಎರಡು ವಾರ ಗೈಡು ತಿರುವಿದೆ, ಫೆನ್ಸು ಓರೆ ಮಾಡಿದೆ, ಒಂದು ಒಳ್ಳೆಯ ಹಲಗೆಯನ್ನೂ ಹಾಳು ಮಾಡಿದೆ. ತಪ್ಪಿದ್ದದ್ದು ಯಂತ್ರದ ಜೊತೆ ಬಂದ ಬ್ಲೇಡಿನಲ್ಲಿ. ಇಂಚಿಗೆ 6 ಹಲ್ಲು, ಅಗಲ ಕಾಲಿಂಚು. ಎಂಟಿಂಚು ಮರದೊಳಗೆ ಹಲ್ಲುಗಳ ನಡುವಿನ ಕುಳಿಗಳು ಹೊಟ್ಟಿನಿಂದ ತುಂಬಿಹೋಗುತ್ತವೆ, ಹೊಟ್ಟಿಗೆ ಹೊರಬರಲು ಜಾಗವಿಲ್ಲ, ಬ್ಲೇಡು ಬಿಸಿಯಾಗಿ ಓಲಾಡುತ್ತದೆ. ಅರ್ಧ ಇಂಚು ಅಗಲದ, ಇಂಚಿಗೆ 3 ಹಲ್ಲಿನ ಬ್ಲೇಡು ಹಾಕಿದೆ. ಗೈಡಿಗೂ ಬ್ಲೇಡಿಗೂ ನಡುವೆ ಒಂದು ಕಾಗದದಷ್ಟು ಸಂದು ಬಿಟ್ಟೆ. ತಳ್ಳುವುದನ್ನು ನಿಧಾನ ಮಾಡಿದೆ. ಅದೇ ಕಳೆದ ಭಾನುವಾರ. ಯಂತ್ರ ಅಳೆದು ತೂಗಿ ಬ್ಲೇಡನ್ನು ಕೊನೆಗೆ ನೋಡಿದ್ದು ನನ್ನ ದೊಡ್ಡ ತಪ್ಪು. ಕಾಲಿಂಚಿನದನ್ನು ಬಿಸಾಕಿಲ್ಲ, ಬಾಗು ಕೊಯ್ಯಲು ಅದೇ ಬೇಕು.

ಖರ್ಚಿನ ವಿಷಯ. ಯಂತ್ರಕ್ಕೆ ನೂರು ಕೊಟ್ಟೆ ಅಂತಿಟ್ಟುಕೊಂಡರೆ ಬೇರೆಯದಕ್ಕೆ ಇನ್ನೂ 38 ಹೋಯಿತು: ಬ್ಲೇಡುಗಳು, ವೈರಿಂಗು, ಚಕ್ರದ ಸ್ಟ್ಯಾಂಡು, ಹೊಟ್ಟು ಎಳೆಯುವ ಯಂತ್ರ. ಕೊನೆಯದನ್ನು ಆಮೇಲೆ ನೋಡೋಣ ಅನ್ನಬೇಡಿ. ಬ್ಯಾಂಡ್‌ಸಾದ ಧೂಳು ಹಿಟ್ಟಿನಷ್ಟು ನುಣ್ಣಗಿರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಬ್ಯಾಂಡ್‌ಸಾ ಸಾಧು ಪ್ರಾಣಿ ಅಂತ ಕೆಲವರು ಹೇಳುತ್ತಾರೆ. ಮರವನ್ನು ಮೇಜಿಗೇ ಒತ್ತುವುದರಿಂದ ನಮ್ಮ ಕಡೆಗೆ ಎಸೆಯುವುದಿಲ್ಲ, ಅದು ಸರಿ. ಆದರೆ ಮಾಂಸದ ಕಾರ್ಖಾನೆಗಳಲ್ಲಿ ಮೂಳೆ ಕೊಯ್ಯುವುದೂ ಬ್ಯಾಂಡ್‌ಸಾದಲ್ಲೇ ಅನ್ನುವುದನ್ನು ನೆನಪಿಡಿ. ಬ್ಲೇಡು ಮುಚ್ಚುವ ಗಾರ್ಡ್ ಅನ್ನು ಮರಕ್ಕಿಂತ ಕಾಲಿಂಚು ಮೇಲೆ ತನಕ ಇಳಿಸಿಯೇ ಕೊಯ್ಯಿರಿ. ದುಂಡನೆ ಕೊಂಬೆಯನ್ನು ಹಾಗೇ ಕೊಟ್ಟರೆ ಉರುಳಿ ಕೈ ಎಳೆದುಕೊಳ್ಳುತ್ತದೆ, ವಿ ಆಕಾರದ ಕಟ್ಟೆಯಲ್ಲಿ ಕೂರಿಸಬೇಕು.

ನೀವು ಹೆಚ್ಚಾಗಿ ಪ್ಲೈವುಡ್ಡಿನ ಕಪಾಟು ಮಾಡುವವರಾದರೆ ನನ್ನ ಮಾತು ಕೇಳಬೇಡಿ, ಟೇಬಲ್ ಸಾ ತಗೊಳ್ಳಿ. 14 ಇಂಚಿನ ಬ್ಯಾಂಡ್‌ಸಾದಲ್ಲಿ ಕಂಬದಾಚೆ ಏನೂ ಹೋಗುವುದಿಲ್ಲ, ಗ್ರೂವ್ ಬರುವುದಿಲ್ಲ, ಕೊಯ್ದ ಮೈಯನ್ನು ಪ್ರತಿ ಸಲ ಕೀಸಲೇಬೇಕು. ಸೀಳು ತೆಳ್ಳಗಿರುವುದರಿಂದ ಮರ ಉಳಿಯುತ್ತದೆ ಅನ್ನುತ್ತಾರಲ್ಲ, ಆ ಲಾಭದಲ್ಲಿ ಅರ್ಧ ಕೀಸುವುದರಲ್ಲೇ ಹೋಗುತ್ತದೆ. ನಾನು ಶೀಟುಗಳಿಗೆ ಕೈಯಲ್ಲಿ ಹಿಡಿದು ಓಡಿಸುವ ಒಂದು ಸರ್ಕ್ಯುಲರ್ ಸಾ ಮತ್ತು ನೇರ ಪಟ್ಟಿ ಇಟ್ಟುಕೊಂಡಿದ್ದೇನೆ.

ಉದ್ದನೆಯ ಹಲಗೆಗಳು ಬಂದಾಗ ಅದೇ ಗೆಳೆಯರ ಷೆಡ್ಡಿಗೆ ಒಯ್ಯುತ್ತೇನೆ, ಅವರು ತಮ್ಮ ಅಗಲ ಹಲಗೆಗಳನ್ನು ಬಿಡಿಸಲು ನನ್ನ ಕೋಣೆಗೆ ತರುತ್ತಾರೆ. ಮೊನ್ನೆ ಹೋದಾಗ ಗೋಡೆಯ ಗುಳಿ ಹಾಗೇ ಇತ್ತು. ರೈವಿಂಗ್ ನೈಫ್ ಬ್ಲೇಡಿನ ಹಿಂದೆ ತನ್ನ ಜಾಗದಲ್ಲಿ ಕೂತಿತ್ತು. ನಾನು ಅದನ್ನು ನೋಡಿದ್ದನ್ನು ಅವರೂ ನೋಡಿದರು. ಇಬ್ಬರೂ ಏನೂ ಮಾತಾಡಲಿಲ್ಲ, ಹಲಗೆ ಎತ್ತಿಕೊಂಡೆವು.